ಕೊಡಗಿನ ಮಳೆಯಲ್ಲಿ ಸ್ಪೋರ್ಟ್ಸ್ ಕಾರು ಓಡಿಸುವುದು ಹೇಗೆ

ಹಿಮ ಬೀಳುವ ದೇಶಗಳಲ್ಲಿ ಸ್ಪೋರ್ಟ್ಸ್ ಕಾರು ಇಟ್ಟುಕೊಂಡವರು ಚಳಿಗಾಲಕ್ಕೆ ಮೊದಲೇ ಟೈರು ಬದಲಿಸುತ್ತಾರೆ, ಓಡಿಸುವ ರೀತಿಯನ್ನೂ ಬದಲಿಸುತ್ತಾರೆ. ಕೊಡಗಿನಲ್ಲಿ ಹಿಮವಿಲ್ಲ. ಆದರೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ, ಅದರಲ್ಲೂ ಕಕ್ಕಡದ (ಜುಲೈ ಮಧ್ಯದಿಂದ ಆಗಸ್ಟ್ ಮಧ್ಯದವರೆಗಿನ ಕೊಡವ ತಿಂಗಳು) ಸುರಿಮಳೆಯಲ್ಲಿ, ಇಲ್ಲಿನ ರಸ್ತೆಯ ಹಿಡಿತ ಒಂದೇ ಕಿಲೋಮೀಟರಿನಲ್ಲಿ ಮೂರು ಸಲ ಬದಲಾಗಬಹುದು: ಒದ್ದೆ ಡಾಂಬರು, ಮರದ ನೆರಳಿನ ಹಾವಸೆ, ತೋಟದ ಗೇಟಿನೆದುರು ಟ್ರ್ಯಾಕ್ಟರ್ ಚಕ್ರದಿಂದ ಬಿದ್ದ ಕೆಂಪು ಕೆಸರು. ಹಿಮದಲ್ಲಿ ರಸ್ತೆಯೆಲ್ಲ ಬೆಳ್ಳಗಿರುವುದರಿಂದ ಜಾರುತ್ತದೆಂದು ಮೊದಲೇ ಗೊತ್ತಿರುತ್ತದೆ. ಇಲ್ಲಿ ಅದನ್ನು ತಿರುವಿಗೆ ಬರುವ ಮೊದಲು ಓದಿಕೊಳ್ಳಬೇಕು. ಕೆಳಗಿನ ಮಾತುಗಳೆಲ್ಲ ಅದಕ್ಕೇ ಸಂಬಂಧಿಸಿದವು.

ಮೊದಲು ಟೈರು

ಎಬಿಎಸ್ (ಬ್ರೇಕಿಗೆ ಚಕ್ರ ಕಚ್ಚಿಕೊಳ್ಳದಂತೆ ನೋಡುವುದು), ಟ್ರ್ಯಾಕ್ಷನ್ ಕಂಟ್ರೋಲ್ (ಚಕ್ರ ಸುಮ್ಮನೆ ತಿರುಗದಂತೆ ನೋಡುವುದು), ಸ್ಟೆಬಿಲಿಟಿ ಕಂಟ್ರೋಲ್ (ಕಾರು ಪಕ್ಕಕ್ಕೆ ಜಾರದಂತೆ ನೋಡುವುದು) ಇವೆಲ್ಲ ಇರುವ ಹಿಡಿತವನ್ನು ಹಂಚಿಕೊಡುತ್ತವೆಯೇ ಹೊರತು ಹೊಸದಾಗಿ ಹುಟ್ಟಿಸುವುದಿಲ್ಲ. ಹಿಡಿತ ಬರುವುದು ನಾಲ್ಕು ಅಂಗೈಯಷ್ಟು ರಬ್ಬರಿನಿಂದ ಮಾತ್ರ.

ಕೊಡಗಿಗೆ ವಿಂಟರ್ ಟೈರು ಬೇಡ. ಅದರ ಮೆದು ರಬ್ಬರು 7 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿನ ಚಳಿಗೆ ಮಾಡಿದ್ದು. ನಮ್ಮ ಮಳೆಗಾಲದಲ್ಲಿ ಅದು ಬೇಗ ಸವೆಯುತ್ತದೆ, ಬ್ರೇಕಿನಡಿ ಬಳುಕುತ್ತದೆ. ಸಾಮಾನ್ಯ ಹೈ ಪರ್ಫಾರ್ಮೆನ್ಸ್ ಸಮ್ಮರ್ ಟೈರು ಒದ್ದೆ ರಸ್ತೆಯಲ್ಲಿ ಚೆನ್ನಾಗಿ ಹಿಡಿಯುತ್ತದೆ, ಆದರೆ ತೋಡು, ಅಂದರೆ ನೀರು ಹೊರಹಾಕುವ ಟೈರಿನ ಗೀರು, ಆಳವಾಗಿರಬೇಕು. ಕಾನೂನಿನ ಮಿತಿ 1.6 ಮಿ.ಮೀ. ಅದನ್ನು ನಂಬಬೇಡಿ. 3 ಮಿ.ಮೀ.ಗಿಂತ ಕಡಿಮೆಯಾದರೆ ನೀರು ಹೊರಹಾಕುವ ಶಕ್ತಿ ಬಹಳ ಕುಸಿಯುತ್ತದೆ. ಮೇ ಕೊನೆಯಲ್ಲಿ ಅಳೆದು 4 ಮಿ.ಮೀ. ಇಲ್ಲದಿದ್ದರೆ ಆಗಲೇ ಬದಲಿಸಿ. ಟೈರಿನ ಮಧ್ಯ ಮತ್ತು ಒಳಅಂಚು ಎರಡನ್ನೂ ಅಳೆಯಿರಿ. ಈ ಕಾರುಗಳ ಚಕ್ರಗಳಿಗೆ ನೆಗೆಟಿವ್ ಕ್ಯಾಂಬರ್ (ಚಕ್ರದ ಮೇಲ್ಭಾಗ ಒಳಕ್ಕೆ ವಾಲಿರುವುದು) ಹೆಚ್ಚಿರುವುದರಿಂದ ಒಳಅಂಚು ಮೊದಲು ಬೋಳಾಗುತ್ತದೆ, ಹೊರಗಿನಿಂದ ನೋಡಿದರೆ ಕಾಣುವುದೇ ಇಲ್ಲ. ಟೈರಿನ ಪಕ್ಕದ ಗೋಡೆಯ ಮೇಲೆ ಅಚ್ಚಾದ ನಾಲ್ಕಂಕಿಯಲ್ಲಿ ಮೊದಲೆರಡು ತಯಾರಾದ ವಾರ, ಕೊನೆಯೆರಡು ವರ್ಷ. ಸ್ಪೋರ್ಟ್ಸ್ ಕಾರುಗಳು ಕಡಿಮೆ ಓಡುವುದರಿಂದ ತೋಡು ಉಳಿದೇ ರಬ್ಬರು ಗಟ್ಟಿಯಾಗಿರುತ್ತದೆ. ಆರು ವರ್ಷ ದಾಟಿದ ಟೈರನ್ನು ಘಾಟಿಗೆ ತರಬೇಡಿ. ಟ್ರ್ಯಾಕ್‌ಗೆಂದು ಮಾಡಿದ, ತೋಡು ಬಹಳ ಕಡಿಮೆಯಿರುವ ಸೆಮಿ ಸ್ಲಿಕ್ ಟೈರಿದ್ದರೆ ಮಳೆಗಾಲದಲ್ಲಿ ಕಾರನ್ನು ಶೆಡ್ಡಿನಲ್ಲೇ ಬಿಡಿ.

ಗಾಳಿಯ ಒತ್ತಡ ಬಾಗಿಲ ಕಂಬದ ಸ್ಟಿಕ್ಕರಿನಲ್ಲಿ ಇದ್ದಷ್ಟೇ ಇರಲಿ. ಉಷ್ಣತೆ 5.5 ಡಿಗ್ರಿ ಇಳಿದರೆ ಸುಮಾರು 1 ಪಿಎಸ್‌ಐ ಇಳಿಯುತ್ತದೆ. ಬೆಂಗಳೂರಿನ 30 ಡಿಗ್ರಿಯ ಮಧ್ಯಾಹ್ನ 34 ತುಂಬಿಸಿದರೆ, ಮಡಿಕೇರಿಯ 15 ಡಿಗ್ರಿಯ ಬೆಳಗ್ಗೆ 31 ತೋರಿಸುತ್ತದೆ. ಹಾಗಾಗಿ ಬೆಳಗ್ಗೆ, ಕಾರು ತೆಗೆಯುವ ಮೊದಲು, ತಣ್ಣಗಿರುವಾಗಲೇ ಸರಿಮಾಡಿ. ಕೆಸರಿನಲ್ಲಿ ಜೀಪಿನವರು ಗಾಳಿ ಇಳಿಸುವುದನ್ನು ನೋಡಿ ನೀವೂ ಇಳಿಸಬೇಡಿ. 245/35 ಟೈರಿನ (ಅಗಲ 245 ಮಿ.ಮೀ., ಗೋಡೆಯ ಎತ್ತರ ಅದರ ಶೇ. 35) ಪಕ್ಕದ ಗೋಡೆ 86 ಮಿ.ಮೀ. ಮಾತ್ರ, ಗಾಳಿ ಕಡಿಮೆಯಾದರೆ ನೀರು ನಿಂತ ಒಂದು ಗುಂಡಿಗೇ ರಿಮ್ಮು ಬಾಗುತ್ತದೆ, ಗೋಡೆ ಸೀಳುತ್ತದೆ. ಸೀಳಿದ ಗೋಡೆಗೆ ಪಂಕ್ಚರ್ ದ್ರಾವಣ ಪ್ರಯೋಜನವಿಲ್ಲ, ಇಂಥ ಕಾರುಗಳಲ್ಲಿ ಸ್ಟೆಪ್ನಿಯೂ ಹೆಚ್ಚಾಗಿ ಇರುವುದಿಲ್ಲ.

ನೀರಿನ ಮೇಲೆ ತೇಲುವುದು

ಕುಶಾಲನಗರದಿಂದ ಸುಂಟಿಕೊಪ್ಪದ ಕಡೆಗಿನ ನೇರ ರಸ್ತೆಯಲ್ಲಿ ವೇಗ ತಾನಾಗಿ ಏರುತ್ತದೆ, ನೀರು ನಿಲ್ಲುವುದೂ ಇಂಥ ಸಪಾಟಿನಲ್ಲೇ. ನಿಂತ ನೀರಿನಲ್ಲಿ ಟೈರು ತೇಲಲು ಶುರುಮಾಡುವ ವೇಗಕ್ಕೆ ನಾಸಾ 1960ರ ದಶಕದಲ್ಲಿ ವಿಮಾನದ ಟೈರುಗಳಿಂದ ಕಂಡುಕೊಂಡ ಸೂತ್ರವೊಂದಿದೆ. ಅದರ ಪ್ರಕಾರ 32 ಪಿಎಸ್‌ಐ ಟೈರಿಗೆ ಸುಮಾರು 94 ಕಿ.ಮೀ. ವೇಗ ಬರುತ್ತದೆ. ಅಗಲವಾದ, ಸವೆದ ಕಾರು ಟೈರು ಅದಕ್ಕೂ ಬಹಳ ಮೊದಲೇ ತೇಲಬಹುದು. ಜೋರು ಮಳೆಯಲ್ಲಿ 60 ದಾಟಬೇಡಿ. ಸ್ಟಿಯರಿಂಗ್ ಇದ್ದಕ್ಕಿದ್ದಂತೆ ಹಗುರಾಯಿತೆಂದರೆ ಮುಂದಿನ ಚಕ್ರ ನೆಲ ಬಿಟ್ಟಿದೆ. ಆಕ್ಸಿಲರೇಟರ್ ಮೆಲ್ಲಗೆ ಬಿಡಿ, ಸ್ಟಿಯರಿಂಗ್ ನೇರವಾಗಿ ಹಿಡಿದಿರಿ, ಬ್ರೇಕ್ ಮುಟ್ಟಬೇಡಿ. ತೇಲುವಾಗ ಸ್ಟಿಯರಿಂಗ್ ತಿರುಗಿಸಿದ್ದರೆ, ಹಿಡಿತ ಮರಳಿದ ಕ್ಷಣ ಕಾರು ಆ ಕಡೆಗೇ ಹಾರುತ್ತದೆ.

ಘಾಟಿಯ ತಿರುವು

ಮಡಿಕೇರಿ ಸುಮಾರು 1,150 ಮೀಟರ್ ಎತ್ತರದಲ್ಲಿದೆ. ಅಲ್ಲಿಂದ ಮದೆನಾಡು, ಜೋಡುಪಾಲ, ಕೊಯನಾಡು ದಾಟಿ ಸಂಪಾಜೆಗೆ ಇಳಿಯುವ ರಾಷ್ಟ್ರೀಯ ಹೆದ್ದಾರಿ 275ರಲ್ಲಿ ಲೆಕ್ಕ ಹೀಗೆ ನಿಲ್ಲುತ್ತದೆ. 15 ಮೀಟರ್ ತ್ರಿಜ್ಯದ ಬಿಗಿ ತಿರುವೊಂದನ್ನು ಒಣ ಡಾಂಬರಿನಲ್ಲಿ, ಘರ್ಷಣಾಂಕ, ಅಂದರೆ ಹಿಡಿತದ ಅಳತೆ, 0.8 ಎಂದಿಟ್ಟುಕೊಂಡರೆ, ಹೆಚ್ಚೆಂದರೆ 39 ಕಿ.ಮೀ. ವೇಗದಲ್ಲಿ ದಾಟಬಹುದು. ಒದ್ದೆಯಾದಾಗ 0.5, ವೇಗ 31. ಕೆಸರು ಬಿದ್ದಿದ್ದರೆ 0.3, ವೇಗ 24. ಇವೆಲ್ಲ ಜಾರುವ ಅಂಚಿನ ಅಂಕಿಗಳು, ಓಡಿಸುವ ವೇಗವಲ್ಲ. ಮಳೆಯಲ್ಲಿ ಇಂಥ ತಿರುವಿಗೆ 20ರಲ್ಲಿ ಹೋಗಿ. 500 ಅಶ್ವಶಕ್ತಿಯ ಕಾರಿಗೂ ಅದೇ 20.

ಕೆಲಸಗಳನ್ನು ಒಂದೊಂದಾಗಿ ಮಾಡಿ. ಕಾರು ನೇರವಾಗಿರುವಾಗಲೇ ಬ್ರೇಕ್ ಮುಗಿಸಿ, ಗೇರು ಇಳಿಸಿ, ಆಮೇಲೆ ಸ್ಟಿಯರಿಂಗ್ ತಿರುಗಿಸಿ, ಸ್ಟಿಯರಿಂಗ್ ಬಿಚ್ಚುತ್ತ ಬಂದಂತೆ ಆಕ್ಸಿಲರೇಟರ್ ಕೊಡಿ. ಟೈರಿನ ಹಿಡಿತ ಒಂದೇ ಗಂಟಿನ ಹಣ; ಬ್ರೇಕಿಗೆ ಖರ್ಚಾದದ್ದು ತಿರುವಿಗೆ ಉಳಿಯುವುದಿಲ್ಲ. ಇಳಿಯುವಾಗ, ತಾನಾಗಿ ಗೇರು ಬದಲಿಸುವ ಡ್ಯುಯಲ್ ಕ್ಲಚ್ ಗೇರ್‌ಬಾಕ್ಸನ್ನು ಮ್ಯಾನುವಲ್‌ಗೆ ಹಾಕಿ ಎರಡನೇ ಗೇರಿನಲ್ಲಿ ಹಿಡಿದಿಡಿ. ಡಿ ಮೋಡ್‌ನಲ್ಲಿ ಬಿಟ್ಟರೆ ಅದು ಇಂಧನ ಉಳಿಸಲು ಮೇಲಿನ ಗೇರಿಗೆ ಹೋಗುತ್ತದೆ, ಎಂಜಿನ್ ಬ್ರೇಕ್ ಹೋಗಿ ಇಡೀ ಘಾಟಿಯ ಭಾರ ಬ್ರೇಕಿನ ಮೇಲೆ ಬೀಳುತ್ತದೆ. ಮ್ಯಾನುವಲ್ ಕಾರಿನಲ್ಲಿ ಗೇರು ಇಳಿಸುವಾಗ ಆಕ್ಸಿಲರೇಟರಿಗೆ ಸಣ್ಣ ತಟ್ಟು ಕೊಟ್ಟು ಕ್ಲಚ್ ಬಿಡಿ. ಇಲ್ಲದಿದ್ದರೆ ಹಿಂಬದಿ ಚಕ್ರಗಳು ಒಮ್ಮೆಲೇ ತಡೆಹಿಡಿದಂತಾಗಿ, ಹಿಂಚಕ್ರ ಚಾಲನೆಯ ಕಾರಿನ ಬಾಲ ಪಕ್ಕಕ್ಕೆ ಸರಿಯುತ್ತದೆ.

ಎಂಜಿನ್ ಎಲ್ಲಿದೆ ಎಂಬುದನ್ನು ನೋಡಿಕೊಂಡು ಎಚ್ಚರಿಕೆ ಬೇರೆಯಾಗುತ್ತದೆ. ಫೋರ್ಡ್ ಮುಸ್ತಾಂಗ್‌ನಂಥ ಮುಂದೆ ಎಂಜಿನ್, ಹಿಂದೆ ಚಾಲನೆಯ ಕಾರಿಗೆ ಏರಿನ ತಿರುವಿನಿಂದ ಹೊರಬರುವಾಗ ಜಾಸ್ತಿ ಆಕ್ಸಿಲರೇಟರ್ ಕೊಟ್ಟರೆ ಬಾಲ ಹೋಗುತ್ತದೆ. ಪೋರ್ಷೆ 911ರ ಹಿಂದಿನ ಚಕ್ರದ ಮೇಲೆ ಎಂಜಿನ್ನಿನ ಭಾರವಿರುವುದರಿಂದ ಏರಿನಲ್ಲಿ ಅದಕ್ಕೆ ಒಳ್ಳೆಯ ಹಿಡಿತ. ಅದೇ ಭಾರ, ಇಳಿಜಾರಿನ ತಿರುವಿನ ಮಧ್ಯೆ ಬೆದರಿ ಆಕ್ಸಿಲರೇಟರ್ ಪೂರ್ತಿ ಬಿಟ್ಟರೆ, ಕಾರನ್ನು ಸುತ್ತಿಸುತ್ತದೆ. ಪೋರ್ಷೆ 718ರಂಥ ಮಧ್ಯ ಎಂಜಿನ್ ಕಾರು ಜಾರುವುದು ತಡವಾಗಿ, ಆದರೆ ಜಾರಿದರೆ ತಿರುಗುವುದು ಬಹಳ ಬೇಗ. ಬಾಲ ಹೊರಟರೆ ಹೋಗಬೇಕಾದ ಕಡೆಗೆ ನೋಡಿ, ಅತ್ತ ಸ್ಟಿಯರಿಂಗ್ ಹಿಡಿಯಿರಿ, ಆಕ್ಸಿಲರೇಟರ್ ಅರ್ಧ ಸಡಿಲಿಸಿ. ಮೂತಿಯೇ ತಿರುಗದೆ ನೇರ ಹೋಗುತ್ತಿದ್ದರೆ ಸ್ಟಿಯರಿಂಗ್ ಇನ್ನೂ ತಿರುಗಿಸುವುದು ಸಹಜ ಪ್ರತಿಕ್ರಿಯೆ, ಅದೇ ತಪ್ಪು. ಸ್ವಲ್ಪ ಬಿಚ್ಚಿ, ವೇಗ ಇಳಿಯಲು ಬಿಡಿ, ಹಿಡಿತ ಬಂದ ಮೇಲೆ ತಿರುಗಿಸಿ.

ಒದ್ದೆ ರಸ್ತೆಗೆಂದೇ ಇರುವ ವೆಟ್ ಮೋಡ್ ಇದ್ದರೆ ಹಾಕಿ. 2019ರಲ್ಲಿ ಬಂದ 992 ಮಾದರಿಯ 911 ಚಕ್ರದ ಗೂಡಿಗೆ ಸಿಡಿಯುವ ನೀರಿನ ಸದ್ದು ಕೇಳಿಯೇ ಈ ಮೋಡ್‌ಗೆ ಬದಲಿಸಲು ಚಾಲಕನಿಗೆ ಸೂಚಿಸುತ್ತದೆ. ಸ್ಪೋರ್ಟ್ ಮೋಡ್ ಬೇಡ: ಅದರಲ್ಲಿ ಆಕ್ಸಿಲರೇಟರ್ ಚುರುಕಾಗುತ್ತದೆ, ಗೇರು ಇಳಿಯುವಾಗ ಜಗ್ಗುತ್ತದೆ, ಕೆಲವು ಕಾರುಗಳಲ್ಲಿ ಸ್ಟೆಬಿಲಿಟಿ ಕಂಟ್ರೋಲ್ ಕೂಡ ಸಡಿಲವಾಗುತ್ತದೆ. ಹಿಮದವರಂತೆ ಎರಡನೇ ಗೇರಿನಲ್ಲಿ ಹೊರಡುವುದು ಸಪಾಟಾದ ಕೆಸರಿನಲ್ಲಿ ಒಳ್ಳೆಯದು. ಕಡಿದಾದ ಏರಿನಲ್ಲಿ ಮ್ಯಾನುವಲ್ ಕಾರಿನ ಕ್ಲಚ್ ಸುಟ್ಟುಹೋಗುತ್ತದೆ. ಅಲ್ಲಿ ಮೊದಲ ಗೇರು, ಕಡಿಮೆ ಆರ್‌ಪಿಎಂ.

ರಸ್ತೆಯ ಮೇಲ್ಮೈಯಲ್ಲಿ ನೋಡಬೇಕಾದ್ದು: ತಿರುವಿನಲ್ಲಿ ಕಾಮನಬಿಲ್ಲಿನ ಬಣ್ಣ ಕಂಡರೆ ಬಸ್ಸು, ಲಾರಿಯ ಟ್ಯಾಂಕಿನಿಂದ ಚೆಲ್ಲಿದ ಡೀಸೆಲ್. ಬಿದಿರೆಲೆ, ಸಿಲ್ವರ್ ಓಕ್ ಎಲೆ ಕೊಳೆತು ಅಂಟಿದ ಜಾಗ ಹಾವಸೆಯಷ್ಟೇ ಜಾರುತ್ತದೆ. ಬಿಳಿ ಗೆರೆಯ ಮೇಲೆ ಬ್ರೇಕ್ ಹಾಕಬೇಡಿ. ಆಗಸ್ಟಿನ ಧಾರಾಕಾರ ಮಳೆಗಿಂತ ಮಾರ್ಚ್, ಏಪ್ರಿಲ್‌ನ ಹೂಮಳೆ (ಕಾಫಿ ಹೂ ಅರಳಿಸುವ ಮಳೆ) ಒಂದು ದೃಷ್ಟಿಯಿಂದ ಹೆಚ್ಚು ಅಪಾಯ. ತಿಂಗಳುಗಟ್ಟಲೆ ರಸ್ತೆಗೆ ಇಳಿದ ಎಣ್ಣೆ, ಧೂಳು, ರಬ್ಬರಿನ ಪುಡಿ ಆ ಮೊದಲ ಅರ್ಧ ಗಂಟೆಯ ಹನಿಗೆ ಲೋಳೆಯಾಗುತ್ತದೆ, ತೊಳೆದು ಹೋಗುವಷ್ಟು ನೀರು ಇನ್ನೂ ಬಂದಿರುವುದಿಲ್ಲ. ಕಾಫಿಗೆ ಒಳ್ಳೆಯ ದಿನವದು. ನೀವು ಅರ್ಧ ಗಂಟೆ ಚಹಾ ಅಂಗಡಿಯಲ್ಲಿ ಕುಳಿತು ಹೊರಡಿ.

ಮಂಜು

ಮುಂದೆ 30 ಮೀಟರ್ ಕಾಣುತ್ತಿದ್ದರೆ ಅಗಲ ರಸ್ತೆಯಲ್ಲಿ 40ರ ವೇಗದಿಂದ ನಿಲ್ಲಿಸಬಹುದು: ಪ್ರತಿಕ್ರಿಯೆಗೆ ಒಂದೂವರೆ ಸೆಕೆಂಡು ಹಿಡಿದರೆ 17 ಮೀಟರ್, ಒದ್ದೆಯಲ್ಲಿ ಬ್ರೇಕಿಗೆ 13. ಆದರೆ ಭಾಗಮಂಡಲದಿಂದ ಕರಿಕೆಗೆ, ವಿರಾಜಪೇಟೆಯಿಂದ ಮಾಕುಟ್ಟಕ್ಕೆ ಹೋಗುವಂಥ ಕಿರಿದಾದ ಕಾಡುರಸ್ತೆಯಲ್ಲಿ ಎದುರಿನವನೂ ಅದೇ 30 ಮೀಟರಿನಲ್ಲಿ ನಿಲ್ಲಬೇಕು. ನಿಮ್ಮ ಪಾಲು 15. ಅದಕ್ಕೆ ವೇಗ 25.

ಲೋ ಬೀಮ್ ಹಾಕಿ. ಹೈ ಬೀಮ್ ಮಂಜಿಗೆ ಬಡಿದು ನಿಮ್ಮ ಕಣ್ಣಿಗೇ ಮರಳುತ್ತದೆ. ಹಿಂದಿನ ಫಾಗ್ ಲ್ಯಾಂಪ್ ಇಂಥ ಹೊತ್ತಿಗೇ ಇರುವುದು, ಮಂಜು ತಿಳಿಯಾದ ಕೂಡಲೆ ಆರಿಸಿ. ನಾಲ್ಕೂ ಇಂಡಿಕೇಟರ್ ಮಿಟುಕಿಸುತ್ತ ಓಡಿಸುವ ಅಭ್ಯಾಸ ಇಲ್ಲಿ ಬಹಳ ಹರಡಿದೆ, ಬಿಡಬೇಕು: ನೀವು ನಿಂತಿದ್ದೀರೋ ತಿರುಗುತ್ತಿದ್ದೀರೋ ಹಿಂದಿನವರಿಗೆ ತಿಳಿಯುವುದಿಲ್ಲ. ಗಾಜು ಒಳಗಿನಿಂದ ಮಸುಕಾದರೆ ಎಸಿ ಹಾಕಿ, ಉಷ್ಣತೆ ಏರಿಸಿ, ರೀಸರ್ಕ್ಯುಲೇಷನ್ (ಒಳಗಿನ ಗಾಳಿಯನ್ನೇ ಸುತ್ತಿಸುವುದು) ತೆಗೆದು ಗಾಳಿ ಮುಂದಿನ ಗಾಜಿಗೆ ಬಿಡಿ. ತಿತಿಮತಿ, ಸಿದ್ದಾಪುರದ ಕಡೆ ಕತ್ತಲಾದ ಮೇಲೆ ಆನೆ ರಸ್ತೆ ದಾಟುತ್ತದೆ, ಮಂಜಿನಲ್ಲಿ ಬೂದು ಮೈ ಕೊನೆಯ ಕ್ಷಣದವರೆಗೆ ಕಾಣುವುದಿಲ್ಲ. ಸೂರ್ಯ ಮುಳುಗುವ ಮೊದಲು ತಲುಪುವಂತೆ ಹೊರಡಿ.

ತಗ್ಗು ಕಾರು, ಎತ್ತರದ ಅಡ್ಡಿಗಳು

ಈ ಕಾರುಗಳ ಹೊಟ್ಟೆ ನೆಲದಿಂದ 110ರಿಂದ 135 ಮಿ.ಮೀ. ಎತ್ತರದಲ್ಲಿರುತ್ತದೆ. ನಿಯಮದ ರಸ್ತೆ ಉಬ್ಬು 100 ಮಿ.ಮೀ. ಎತ್ತರ, 3.7 ಮೀಟರ್ ಅಗಲ, ಅದನ್ನು ದಾಟಬಹುದು. ಊರವರೇ ಹಾಕಿದ ಚಿಕ್ಕ, ಚೂಪು ಉಬ್ಬು ತಾಗುತ್ತದೆ. ಒಳಗಿದ್ದವರನ್ನು ಇಳಿಸಿ, ಓರೆಯಾಗಿ, ನಡೆಯುವ ವೇಗದಲ್ಲಿ ಹತ್ತಿ. ಮೂತಿ ಎತ್ತುವ ವ್ಯವಸ್ಥೆ ಇದ್ದರೆ ಸುಮಾರು 40 ಮಿ.ಮೀ. ಸಿಗುತ್ತದೆ, ಆದರೆ ಅದು ಎತ್ತುವುದು ಹೆಚ್ಚಾಗಿ ಮುಂಭಾಗವನ್ನು ಮಾತ್ರ. ಹೊಟ್ಟೆಯ ಮಧ್ಯಭಾಗ ತಾಗುವುದು ತಪ್ಪುವುದಿಲ್ಲ.

ಎದುರು ಬಸ್ಸು ಬಂದಾಗ ಎಡಚಕ್ರವನ್ನು ಡಾಂಬರಿನಿಂದ ಕೆಳಗಿಳಿಸಬೇಡಿ. ಮಳೆಗಾಲದಲ್ಲಿ ಅಂಚಿನ ಮಣ್ಣು ಗಂಜಿಯಾಗಿರುತ್ತದೆ, ಹುಲ್ಲಿನಡಿ ಚರಂಡಿ ಅಡಗಿರುತ್ತದೆ. ಚಕ್ರ ಇಳಿದರೆ ಕಾರು ಬಾಗಿಲ ಕೆಳಗಿನ ಪಟ್ಟಿಯ ಮೇಲೆ ಕೂರುತ್ತದೆ. ಏರುವ ವಾಹನಕ್ಕೆ ದಾರಿ ಬಿಡುವುದು ನಿಯಮ. ಇಳಿಯುತ್ತಿರುವವರು ನೀವಾದರೆ ಅಗಲ ಜಾಗ ನೋಡಿ ಮೊದಲೇ ನಿಲ್ಲಿ.

ಹರಿಯುವ ನೀರಿಗೆ ಇಳಿಯಲೇಬೇಡಿ. ಗಾಳಿ ಒಳತೆಗೆದುಕೊಳ್ಳುವ ಬಾಯಿ ಎಷ್ಟೋ ಸ್ಪೋರ್ಟ್ಸ್ ಕಾರುಗಳಲ್ಲಿ ಬಂಪರಿನ ಹತ್ತಿರವೇ ಇರುತ್ತದೆ. ಒಂದು ಲೋಟ ನೀರು ಸಿಲಿಂಡರಿಗೆ ಹೋದರೆ ಕನೆಕ್ಟಿಂಗ್ ರಾಡ್ ಬಾಗುತ್ತದೆ, ಎಂಜಿನ್ ಮುಗಿಯಿತು. ನೀರಿನಲ್ಲಿ ಎಂಜಿನ್ ಆಫ್ ಆದರೆ ಮತ್ತೆ ಸ್ಟಾರ್ಟ್ ಮಾಡದೆ ತಳ್ಳಿ ಹೊರತನ್ನಿ. ಕಾವೇರಿ ಉಕ್ಕಿದಾಗ ನಾಪೋಕ್ಲು, ಸಿದ್ದಾಪುರದ ಕಡೆ ಹೊಳೆ ಮತ್ತು ಗದ್ದೆ ಬದಿಯ ರಸ್ತೆಗಳಿಗೆ ನೀರು ಬರುತ್ತದೆ, ಕೇಳಿಕೊಂಡೇ ಹೊರಡಿ. 2018ರ ಆಗಸ್ಟಿನಲ್ಲಿ ಮದೆನಾಡು, ಜೋಡುಪಾಲದ ಸುತ್ತ ಗುಡ್ಡ ಕುಸಿದು ಹೆದ್ದಾರಿಯೇ ಮುಚ್ಚಿತ್ತು. ರೆಡ್ ಅಲರ್ಟ್ ದಿನ ಘಾಟಿಗೆ ಹೋಗುವ ಯೋಚನೆ ಬೇಡ. ಮಡಿಕೇರಿ ಬಳಿಯ ಬೆಟ್ಟದ ತಾಣ ಮಾಂದಲಪಟ್ಟಿಯದು ಯಾವ ಕಾಲದಲ್ಲೂ ಜೀಪಿನ ದಾರಿ. ಹೋಂಸ್ಟೇಗೆ ಇಳಿಯುವ ಕಾಂಕ್ರೀಟ್ ರಸ್ತೆ ಹಾವಸೆ ಹಿಡಿದಿದ್ದರೆ ಕಾರನ್ನು ಮೇಲೆಯೇ ನಿಲ್ಲಿಸಿ ನಡೆದು ಹೋಗಿ. ಇಳಿಯುವುದು ಸುಲಭ, ಬೆಳಗ್ಗೆ ಹತ್ತುವುದು ಆಗದು.

ಸಿಕ್ಕಿಬಿದ್ದರೆ

ಚಕ್ರ ಸುಮ್ಮನೆ ತಿರುಗತೊಡಗಿದ ಕೂಡಲೆ ನಿಲ್ಲಿಸಿ. ಪ್ರತಿ ಸುತ್ತಿಗೂ ಕಾರು ಹೊಟ್ಟೆಯ ಕಡೆ ಇಳಿಯುತ್ತದೆ. ಚಕ್ರದ ಮುಂದಿನ ಮಣ್ಣು ತೆಗೆದು ಹಲಗೆ ಅಥವಾ ಗೋಣಿಚೀಲ ಒಳತಳ್ಳಿ. ಟ್ರ್ಯಾಕ್ಷನ್ ಕಂಟ್ರೋಲ್ ಆಫ್ ಮಾಡಿ, ಇಲ್ಲದಿದ್ದರೆ ಅದು ಶಕ್ತಿಯನ್ನೇ ಕತ್ತರಿಸಿ ಕಾರು ಅಲುಗದು. ಹೊರಬಂದ ತಕ್ಷಣ ಮತ್ತೆ ಆನ್ ಮಾಡಿ. ಬಾರದಿದ್ದರೆ ಎಳೆಸಬೇಕು. ಎಳೆಯುವ ಕೊಕ್ಕೆ ಟೂಲ್ ಕಿಟ್‌ನಲ್ಲಿರುತ್ತದೆ, ಬಂಪರಿನ ಸಣ್ಣ ಮುಚ್ಚಳ ತೆಗೆದು ತಿರುಗಿಸಿ ಕೂರಿಸಬೇಕು. ಹಲವು ಜರ್ಮನ್ ಕಾರುಗಳಲ್ಲಿ ಅದರ ಥ್ರೆಡ್ ಎಡಗೈ, ಅಂದರೆ ಗಡಿಯಾರದ ವಿರುದ್ಧ ದಿಕ್ಕಿಗೆ ತಿರುಗಿಸಿದರೆ ಬಿಗಿಯಾಗುತ್ತದೆ. ಮಳೆಯಲ್ಲಿ ಒದ್ದಾಡುವ ಬದಲು ಮನೆಯಲ್ಲೇ ಒಮ್ಮೆ ಹಾಕಿ ನೋಡಿ. ಸಸ್ಪೆನ್ಷನ್ ಕೈಗಳಿಗೆ ಹಗ್ಗ ಕಟ್ಟಲು ಬಿಡಬೇಡಿ. ಕಾರಿನ ತೂಕದ ಎರಡು ಪಟ್ಟು ತಡೆಯುವ ಪಟ್ಟಿ ಬಳಸಿ, ನೇರವಾಗಿ, ನಿಧಾನ ಎಳೆಸಿ. ಕೆಟ್ಟು ನಿಂತ ಆಟೊಮ್ಯಾಟಿಕ್ ಕಾರನ್ನು ದೂರ ಎಳೆಯದೆ ಫ್ಲ್ಯಾಟ್‌ಬೆಡ್ ಕರೆಸಿ. ಗಾಳಿ ಪಂಪು, ಪಂಕ್ಚರ್ ಕಿಟ್, ವೀಲ್ ಲಾಕ್ ಕೀ (ಚಕ್ರದ ಬೀಗದ ನಟ್ಟು ಬಿಚ್ಚುವ ಕೀಲಿ), ತಲೆಗೆ ಕಟ್ಟುವ ಟಾರ್ಚು ಕಾರಿನಲ್ಲಿರಲಿ. ಕೆಸರು ಮೆತ್ತಿದ ಅಡಿಯ ಶೂ ಅಲ್ಯೂಮಿನಿಯಂ ಪೆಡಲಿನ ಮೇಲೆ ಜಾರುತ್ತದೆ, ಒರೆಸಿಯೇ ಹತ್ತಿ.

ಮನೆ ತಲುಪಿದ ಮೇಲೆ

ಕೊನೆಯ ಒಂದೆರಡು ಕಿಲೋಮೀಟರ್ ಹಿಂದೆ ಯಾರೂ ಇಲ್ಲದಾಗ ಬ್ರೇಕನ್ನು ಮೆಲ್ಲಗೆ ಒತ್ತಿ ಬಿಡುತ್ತ ಡಿಸ್ಕ್ ಒಣಗಿಸಿ. ಹಲವು ದಿನ ನಿಲ್ಲಿಸುವುದಾದರೆ ಹ್ಯಾಂಡ್‌ಬ್ರೇಕ್ ಎಳೆಯದೆ ಗೇರಿನಲ್ಲಿಟ್ಟು ಚಕ್ರಕ್ಕೆ ಕಟ್ಟೆ ಕೊಡಿ, ಇಲ್ಲದಿದ್ದರೆ ತೇವಕ್ಕೆ ಪ್ಯಾಡು ತುಕ್ಕು ಹಿಡಿದು ಅಂಟುತ್ತದೆ. ಚಕ್ರದ ಗೂಡು, ತಳದ ಪ್ಲಾಸ್ಟಿಕ್ ಹಾಳೆಯ ಮೇಲಿನ ಕೆಸರನ್ನು ಅಂದೇ ನೀರು ಬಿಟ್ಟು ತೊಳೆಯಿರಿ. ಒಣಗಿದರೆ ರೇಡಿಯೇಟರಿನ ರೆಕ್ಕೆಗಳಲ್ಲಿ ಇಟ್ಟಿಗೆಯಂತೆ ಕೂರುತ್ತದೆ. ಮುಂದಿನ ಗಾಜಿನ ಬುಡದ ಎಲೆ ತೆಗೆದುಹಾಕಿ. ಮಡಚುವ ಛಾವಣಿಯ ಕಾರಾದರೆ ಅದರ ನೀರು ಇಳಿಯುವ ರಂಧ್ರಗಳನ್ನು ವಾರಕ್ಕೊಮ್ಮೆ ನೋಡಿ. ಅವು ಕಟ್ಟಿಕೊಂಡರೆ ನೀರು ಕಾರಿನೊಳಗೆ ಇಳಿದು, ಕೆಲವು ಮಾದರಿಗಳಲ್ಲಿ ಸೀಟಿನಡಿ ಇರುವ ಎಲೆಕ್ಟ್ರಾನಿಕ್ ಪೆಟ್ಟಿಗೆಯನ್ನು ಹಾಳುಮಾಡುತ್ತದೆ.