ಕೆಂಪು ಸೀರೆಯಿಂದ ಜರಿ ಬಿಡಿಸಿದ್ದು: ನನ್ನ ಅನುಭವ

ಫೋಟೋಶಾಪ್‌ನಲ್ಲಿ ಸೀರೆ ಫೋಟೋಗಳ ಬಣ್ಣ ಬದಲಿಸುವುದು ನನ್ನ ಕೆಲಸ. ಜರಿಯನ್ನು ಬೇರೆ ಮಾಡೋಕೆ ಪೆನ್ ಟೂಲ್ (ಅಂಚಿನ ಗುಂಟ ಕೈಯಿಂದಲೇ ಗೆರೆ ಎಳೆಯುವುದು) ಬಿಟ್ಟರೆ ಬೇರೆ ದಾರಿಯೇ ಇಲ್ಲ ಅಂತ ನಮ್ಮ ಲೈನಿನಲ್ಲಿ ಎಲ್ಲರೂ ಹೇಳುತ್ತಿದ್ದರು. ಈಗ ಅವರೇ ಫೈಲ್ ಕಳಿಸಿ 'ಒಂಚೂರು ನೋಡಿ ಸಾರ್' ಅನ್ನುತ್ತಾರೆ.

ಅಂಗಡಿಯವರು ಒಂದೇ ಕೆಂಪು ರೇಷ್ಮೆ ಸೀರೆ ಶೂಟ್ ಮಾಡಿಸಿರುತ್ತಾರೆ. ಅದನ್ನೇ ಹಸಿರು, ನೀಲಿ, ನೇರಳೆ ಅಂತ ಎಂಟು ಬಣ್ಣ ಮಾಡಿಕೊಡಬೇಕು. ಜರಿ ಮಾತ್ರ ಬದಲಾಗಬಾರದು. ಅಂಚಿಗೆ ಪೆನ್ ಟೂಲ್ ಸರಿ. ಒಡಲಿನ ತುಂಬಾ ಇನ್ನೂರು ಮುನ್ನೂರು ಬುಟ್ಟಾ ಇದ್ದರೆ? ಬಣ್ಣಕ್ಕೆ ಸಿಗೋದು ಅರವತ್ತು ರೂಪಾಯಿ!

ಮೊದಲು ಕಲರ್ ರೇಂಜ್‌ನಲ್ಲೇ ಗುದ್ದಾಡಿದೆ, ಅಂದರೆ ಒಂದು ಬಣ್ಣ ತೋರಿಸಿದರೆ ಅಂಥದ್ದನ್ನೆಲ್ಲ ಸೆಲೆಕ್ಟ್ ಮಾಡುವ ಟೂಲ್. ಫಜಿನೆಸ್ (ಹತ್ತಿರದ ಬಣ್ಣಗಳು ಎಷ್ಟು ಸೇರಬೇಕು ಅನ್ನೋ ಅಳತೆ) 40 ಇಟ್ಟರೆ ನೆರಿಗೆಯ ನೆರಳು ಬಿಟ್ಟುಹೋಗುತ್ತದೆ. 120 ಮಾಡಿದರೆ ಮಾಡೆಲ್‌ನ ತುಟಿ, ಕುಂಕುಮ, ಅರ್ಧ ತೋಳು ಜೊತೆಗೇ ಬರುತ್ತವೆ. ಮೊದಲೇ ಸೀರೆಯ ಸುತ್ತ ಲ್ಯಾಸೊ ಗೆರೆ ಹಾಕಿಕೊಂಡು ತೋಳನ್ನೇನೋ ಉಳಿಸಿದೆ. ಆದರೆ ಜರಿಯ ಹೊಳಪಿನಲ್ಲಿ ರೇಷ್ಮೆಯ ಕೆಂಪೂ ಇರುತ್ತದಲ್ವಾ, ಅದು ಅರೆಬರೆ ಸೆಲೆಕ್ಟ್ ಆಗಿದ್ದು ನನಗೆ ಕಾಣಲೇ ಇಲ್ಲ. ಹಸಿರು ಸೀರೆಯಲ್ಲಿ ಬುಟ್ಟಾಗಳೆಲ್ಲ ಪಾಚಿ ಹಿಡಿದ ಹಾಗೆ ಬಂದವು. ಎಂಟು ಸೀರೆಯ ಕೆಲಸ ವಾಪಸ್. ಹತ್ತಿರಹತ್ತಿರ ನಾಲ್ಕು ಸಾವಿರ ನೀರಿಗೆ ಹೋಯಿತು.

ಕೊನೆಗೆ ಕೈ ಹಿಡಿದದ್ದು ಲ್ಯಾಬ್ ಮೋಡ್, ಅಂದರೆ ಬೆಳಕನ್ನೂ ಬಣ್ಣವನ್ನೂ ಬೇರೆ ಬೇರೆ ಪದರದಲ್ಲಿ (ಚಾನಲ್) ಇಡುವ ವಿಧಾನ. ಫೈಲಿನ ನಕಲು ಮಾಡಿ ಲ್ಯಾಬ್‌ಗೆ ಹಾಕಿ 'ಎ' ಚಾನಲ್ ನೋಡಿ. ಅಲ್ಲಿ ಹಸಿರು-ಕೆಂಪಿನ ಲೆಕ್ಕ ಮಾತ್ರ, ಬೆಳಕಿನ ಲೆಕ್ಕ ಬೇರೆ ಚಾನಲ್‌ನಲ್ಲಿ. ಹಾಗಾಗಿ ನೆರಿಗೆಯ ನೆರಳು ಹೆಚ್ಚುಕಮ್ಮಿ ಮಾಯ. ಚಾನಲ್ ಕಪ್ಪು-ಬಿಳುಪಿನಲ್ಲಿ ಕಾಣುತ್ತದೆ: ಒಡಲು ಬೆಳ್ಳಗೆ, ಜರಿ ಮಂಕು ಬೂದು, ಮೈಬಣ್ಣ ನಡುವೆ. ಕಪ್ಪು-ಬಿಳುಪಿನ ಮಿತಿ ಹೊಂದಿಸುವ ಲೆವೆಲ್ಸ್‌ನಲ್ಲಿ ಕಪ್ಪು ತುದಿಯನ್ನು ಸುಮಾರು 150ಕ್ಕೆ, ಬಿಳಿಯನ್ನು 175ರ ಆಸುಪಾಸಿಗೆ ಎಳೆದೆ. ಬುಟ್ಟಾದ ಒಂದೊಂದು ಎಲೆಯೂ ಬಿಡಿಸಿಕೊಂಡಿತು! ಅದನ್ನೇ ಮೂಲ ಫೈಲಿಗೆ ಮಾಸ್ಕ್ ಮಾಡಿದೆ, ಅಂದರೆ ಬೆಳ್ಳಗಿರುವ ಕಡೆ ಮಾತ್ರ ಬಣ್ಣ ಬದಲಾಗುವ ಮುಸುಕು. ಜರಿಯ ಅಂಚಿನಲ್ಲಿ ಉಳಿಯುವ ಕೆಂಪು ಎಳೆಗೆ ಇನ್ನೊಂದು ಮದ್ದಿದೆ. ಅದು ನನ್ನ ಅನ್ನ, ಸದ್ಯಕ್ಕೆ ಕೇಳಬೇಡಿ.

ಜೆಪೆಗ್ ಮಾತ್ರ ಇಸ್ಕೋಬೇಡಿ, ರಾ ಫೈಲ್ (ಕ್ಯಾಮೆರಾದ ಮೂಲ ಫೈಲ್) ಕೇಳಿ. ಎಷ್ಟೋ ಜೆಪೆಗ್‌ಗಳಲ್ಲಿ ಬಣ್ಣದ ವಿವರ ಉದ್ದಗಲ ಎರಡರಲ್ಲೂ ಅರ್ಧಕ್ಕೆ ಇಳಿದಿರುತ್ತದೆ. ಮಾಸ್ಕ್‌ನ ಅಂಚು ಮೆಟ್ಟಿಲು ಮೆಟ್ಟಿಲಾಗುತ್ತದೆ.

ನಡುವೆ ಸುಮ್ನೆ ಹಸಿರು ಪರದೆ ಹಾಕಿಸಿಯೂ ನೋಡಿದೆ. ರೇಷ್ಮೆ ಆ ಹಸಿರನ್ನೆಲ್ಲ ಹೊಳಪಿನಲ್ಲಿ ಎಳೆದುಕೊಂಡಿತು. ಪರದೆಯ 900 ರೂಪಾಯಿ ದಂಡ. ಈಗ ಅದು ಸ್ಕೂಟರಿಗೆ ಹೊದಿಕೆ.

ಮೊದಲು ಸೀರೆಗೆ ಮೂರು ಗಂಟೆ, ಈಗ ಇಪ್ಪತ್ತು ನಿಮಿಷ. ಹಾಸು ಒಂದು ಬಣ್ಣ, ಹೊಕ್ಕು ಇನ್ನೊಂದು ಇರುವ ಸೀರೆ ಬಂದರೆ ಮಾತ್ರ ಮಾಸ್ಕ್ ಚುಕ್ಕಿ ಚುಕ್ಕಿಯಾಗುತ್ತದೆ. ಅದಕ್ಕೆ ಈಗಲೂ ಡಬಲ್ ರೇಟ್ ಹೇಳುತ್ತೇನೆ.