ಕ್ಯೂ ಕೈಗೆ ಬಂದರೆ ಗಾಬರಿ ಬೇಡ

ಈ ಬಿಸಿಲಿಗೆ ತುಮಕೂರಿನಲ್ಲಿ ಮಕ್ಕಳನ್ನು ಹೊರಗೆ ಬಿಡೋ ಹಾಗಿಲ್ಲ. ಮನೆಯಲ್ಲೇ ಸ್ಕ್ರಾಬಲ್, ಅಂದರೆ ಅಕ್ಷರದ ಬಿಲ್ಲೆಗಳನ್ನು ಜೋಡಿಸಿ ಇಂಗ್ಲಿಷ್ ಪದ ಮಾಡುವ ಆಟ, ಆಡಿಸುತ್ತಿರುವವರಿಗೆ ಒಂದು ಉಪಾಯ. ಕ್ಯೂ ಬಿಲ್ಲೆಗೆ 10 ಅಂಕ. ಆದರೆ ಯು ಬರಲಿ ಅಂತ ಕಾಯುತ್ತಾ ಅದನ್ನು ಕೊನೆಯವರೆಗೂ ಕೈಯಲ್ಲೇ ಇಟ್ಟುಕೊಳ್ಳುವವರೇ ಜಾಸ್ತಿ. ಯು ಬೇಕಾಗಿಯೇ ಇಲ್ಲ! ಕ್ಯೂ ಪಕ್ಕ ಐ ಇಟ್ಟರೆ ಸಾಕು, ಪದ ಆಯಿತು. ಕ್ಯೂ-ಎ-ಟಿ ಕೂಡ ನಡೆಯುತ್ತದೆ. ಝಡ್ ಬಂದರೆ ಪಕ್ಕದಲ್ಲಿ ಎ ಇಡಿ. ಸ್ವರಗಳೇ ಇಲ್ಲದೆ ವೈ ಒಂದೇ ಇದ್ದರೆ ನಿಂಫ್, ಕ್ರಿಪ್ಟ್, ರಿದಮ್ ನೆನಪಿರಲಿ.

ನಮ್ಮ ರಾಗಿಗೂ ಅಲ್ಲಿ ಜಾಗ ಇದೆ, ಆರ್-ಎ-ಜಿ-ಐ. ದೋಸೆಯೂ ಡಿ-ಒ-ಎಸ್-ಎ ಆಗಿ ನಡೆಯುತ್ತದೆ. ಮುದ್ದೆ ಮಾತ್ರ ಹಾಕಬೇಡಿ, ಒಪ್ಪಲ್ಲ.

ಐದಕ್ಷರದ ಇಂಗ್ಲಿಷ್ ಪದ ಊಹಿಸುವ ವರ್ಡಲ್ ಆಡುವವರು ಒನ್‌ಲುಕ್ ಜಾಲತಾಣ ನೋಡಿ. ಗೊತ್ತಿರುವ ಅಕ್ಷರಗಳನ್ನು ಅವುಗಳ ಜಾಗದಲ್ಲಿ ಟೈಪ್ ಮಾಡಿ, ಗೊತ್ತಿಲ್ಲದ ಒಂದೊಂದು ಜಾಗಕ್ಕೂ ಒಂದೊಂದು ಪ್ರಶ್ನಾರ್ಥಕ ಚಿಹ್ನೆ ಹಾಕಿದರೆ ಹೊಂದುವ ಪದಗಳ ಪಟ್ಟಿ ಬರುತ್ತದೆ. ಬೇರೆ ಆಟಗಳಲ್ಲಿ ಎಷ್ಟು ಅಕ್ಷರ ಅಂತಲೇ ಗೊತ್ತಿಲ್ಲದಿದ್ದರೆ ನಕ್ಷತ್ರ ಚಿಹ್ನೆ ಹಾಕಿ. ಆಟದ ಮಧ್ಯೆ ನೋಡುವುದು ನನ್ನ ಪ್ರಕಾರ ಮೋಸವೇ, ಮುಗಿದ ಮೇಲೆ ನೋಡಿ. ಸ್ಕ್ರಾಬಲ್‌ನಲ್ಲಿ ಯಾವ ನಿಘಂಟಿನ ಪದ ಒಪ್ಪೋದು ಅಂತ ಮೊದಲೇ ಮಾತಾಡಿಕೊಳ್ಳಿ, ಇಲ್ಲದಿದ್ದರೆ ಜಗಳ ಗ್ಯಾರಂಟಿ.