ವಿ.ವಿ. ವಾರ್ಷಿಕ ವರದಿ, ಸ್ಮರಣ ಸಂಚಿಕೆ ತಿದ್ದುವವರಿಗೆ

ಘಟಿಕೋತ್ಸವದ ಸೀಸನ್ ಬಂತು. ಸಂಚಿಕೆ, ವರದಿ ಅಂತ ಕರಡು ತಿದ್ದೋ ಕೆಲಸ ಬಿದ್ದವರು ಮೊದಲು ಯಾವ ಹೆಸರು, ಹುದ್ದೆ ಹೇಗೆ ಬರೆಯಬೇಕು ಅಂತ ಒಂದು ಪುಟದ ಪದಪಟ್ಟಿ ಮಾಡಿಕೊಳ್ಳಿ, ತಿದ್ದುವವರೆಲ್ಲರ ಕೈಗೂ ಅದನ್ನೇ ಕೊಡಿ.

ಸಂಸ್ಥೆಗಳ ಹೆಸರು ಅವರು ಬರೆದುಕೊಳ್ಳುವ ಹಾಗೇ ಇರಲಿ. ಹಂಪಿಯದು ಕನ್ನಡ ವಿಶ್ವವಿದ್ಯಾಲಯ, ಮೈಸೂರಿನದು ವಿಶ್ವವಿದ್ಯಾನಿಲಯ. ಎಲ್ಲಾ ಒಂದೇ ಥರ ಇರಲಿ ಅಂತ ಸುಮ್ನೆ ಫೈಂಡ್-ರಿಪ್ಲೇಸ್ ಒತ್ತಬೇಡಿ. ಇಂಗ್ಲಿಷ್ ಪುಟಗಳಲ್ಲೂ ಹಾಗೇ: 2014ರ ನವೆಂಬರ್ 1ರಿಂದ ಊರಿನ ಇಂಗ್ಲಿಷ್ ಹೆಸರು ಬ್ಯಾಂಗಲೋರ್ ಹೋಗಿ ಬೆಂಗಳೂರು ಅಂತ ಬದಲಾಯಿತು, ಆದರೆ ಬ್ಯಾಂಗಲೋರ್ ಯೂನಿವರ್ಸಿಟಿ ತನ್ನ ಹೆಸರನ್ನು ಹಾಗೇ ಉಳಿಸಿಕೊಂಡಿದೆ.

ಹುದ್ದೆಗಳಲ್ಲಿ ಎಡವಟ್ಟು ಜಾಸ್ತಿ. ನಮ್ಮ ರಾಜ್ಯದ ವಿ.ವಿ.ಗಳಲ್ಲಿ ಸಾಮಾನ್ಯವಾಗಿ ರಾಜ್ಯಪಾಲರು ಕುಲಾಧಿಪತಿ, ವೈಸ್ ಚಾನ್ಸಲರ್ ಕುಲಪತಿ, ರಿಜಿಸ್ಟ್ರಾರ್ ಕುಲಸಚಿವ. ಫೋಟೋ ಕೆಳಗಿನ ಸಾಲಿನಲ್ಲಿ ಇದು ಅದಲು ಬದಲಾದರೆ ಇಡೀ ಪುಟ ಮತ್ತೆ ಅಚ್ಚು ಹಾಕಬೇಕಾಗುತ್ತೆ, ಅಲ್ವಾ? 'ಮಾನ್ಯ', 'ಸನ್ಮಾನ್ಯ' ಎಲ್ಲಾ ಆಹ್ವಾನ ಪತ್ರಿಕೆಗೆ ಸಾಕು, ವರದಿಗೆ ಬೇಡ (ಇದು ನನ್ನ ಹಠ ಅಂತಲೇ ಅಂದುಕೊಳ್ಳಿ). ಹೆಸರಿಗೆ ಅಂಟಿಸಿ 'ರವರು' ಅಂತ ಬರೆಯೋದಕ್ಕಿಂತ ಜಾಗ ಬಿಟ್ಟು 'ಅವರು' ಅಂತ ಬರೆದರೆ ಚೆಂದ.

ಇನ್ನೊಂದು, ಕಣ್ಣಿಗೆ ಕಾಣದ ತಪ್ಪು. ಕೆಲವರು ಅನುಸ್ವಾರದ ಜಾಗದಲ್ಲಿ ಕನ್ನಡದ ಸೊನ್ನೆ ಅಂಕಿ ಟೈಪ್ ಮಾಡಿರುತ್ತಾರೆ. ಅಚ್ಚಿನಲ್ಲಿ ಎರಡೂ ಒಂದೇ ಥರ ಕಾಣುತ್ತೆ, ಆದರೆ ಪಿಡಿಎಫ್‌ನಲ್ಲಿ 'ಪಂಪ' ಅಂತ ಹುಡುಕಿದರೆ ಸಿಗೋದೇ ಇಲ್ಲ. 'ನುಡಿ' ತಂತ್ರಾಂಶದ ಹಳೇ ಫಾಂಟಿನಿಂದ ಯೂನಿಕೋಡಿಗೆ ಬದಲಾಯಿಸಿದ ಫೈಲ್ ಆದರೆ ಅರ್ಕಾವತ್ತು, ಒತ್ತಕ್ಷರಗಳನ್ನು ಮೂಲದ ಜೊತೆ ಇಟ್ಟು ನೋಡಿಬಿಡಿ.